ಪದಕದ ಅಂಚಿನ ನಂಬರ್ ಹಿಡಿದು ಮುತ್ತಜ್ಜನನ್ನು ಹುಡುಕಿದ್ದು

ನಮ್ಮ ಮುತ್ತಜ್ಜ ಮೊದಲನೇ ಮಹಾಯುದ್ಧದಲ್ಲಿ, ಫ್ರಾನ್ಸ್‌ನಲ್ಲಿ ತೀರಿಕೊಂಡರು ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್ ನೋಡಿದ ಮೇಲೆ ಗೊತ್ತಾಯಿತು, ಅವರು ಆ ಕಡೆ ಹೋಗಿದ್ದೇ ಅನುಮಾನ. ಅವರ ದಾಖಲೆ ಇರೋದು ಇರಾಕಿನ ಬಸ್ರಾ ಸ್ಮಾರಕದ ಲೆಕ್ಕದಲ್ಲಿ.

ಇದಕ್ಕೂ ಮೊದಲು ವಂಶಾವಳಿ ಹುಡುಕಿಕೊಡುವ ಒಂದು ಸೈಟಿಗೆ ದುಡ್ಡು ಕಟ್ಟಿದ್ದೆ. ದಿನಾ ಒಂದು ಮೇಲ್: 'ನಿಮ್ಮ ಹಿರಿಯರು ಸಿಕ್ಕಿದ್ದಾರೆ!' ತೆರೆದರೆ ಯಾರೋ ಬೇರೆಯವರು. ಮೂರು ತಿಂಗಳು ನೋಡಿ ಬಿಟ್ಟೆ.

ಆಯೋಗದ ಸೈಟಿನಲ್ಲಿ ಹುಡುಕೋದಕ್ಕೆ ದುಡ್ಡು ಬೇಡ. 1917ರಲ್ಲಿ ಶುರುವಾದ ಸಂಸ್ಥೆ ಇದು. ಎರಡು ಮಹಾಯುದ್ಧಗಳಲ್ಲಿ ಸತ್ತ, ಬ್ರಿಟನ್, ಭಾರತದಂಥ ಕಾಮನ್‌ವೆಲ್ತ್ ದೇಶಗಳ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದೆ. ಆದರೆ ಹೆಸರು ಹಾಕಿ ಹುಡುಕಲು ಹೋದರೆ ಸುಸ್ತಾಗುತ್ತೀರಿ. ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ನಮ್ಮ 'ಸ್ವಾಮಿ' ಅಲ್ಲಿ ಸಾಮಿ, ಸಾವ್ಮಿ, ಏನೇನೋ.

ನನಗೆ ದಾರಿ ತೋರಿಸಿದ್ದು ದೊಡ್ಡಮ್ಮನ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ಪದಕ. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಅದನ್ನು ಎಷ್ಟು ನೋಡಿದರೂ ಪ್ರಯೋಜನವಿಲ್ಲ. ನೋಡಬೇಕಾದ್ದು ಅಂಚು. ಟಾರ್ಚನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ನಾಲ್ಕಂಕಿಯ ನಂಬರ್, ಹುದ್ದೆ, ಹೆಸರು, ಆಮೇಲೆ '2 ಕ್ಯೂ.ವಿ.ಓ. ಎಸ್. ಆಂಡ್ ಎಂ.' ಅಂದರೆ ಮದ್ರಾಸ್ ಸ್ಯಾಪರ್ಸ್, ಸೇನೆಯ ಇಂಜಿನಿಯರ್ ದಳ. (ದಯವಿಟ್ಟು ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೊಡ್ಡಮ್ಮ ತಿಕ್ಕಿ ತಿಕ್ಕಿ ನಂಬರಿನ ಕೊನೆಯ ಅಂಕಿ 3 ಇದ್ದದ್ದು 8ರ ಹಾಗೆ ಕಾಣುತ್ತಿತ್ತು!)

ಹೆಸರಿನ ಜಾಗ ಖಾಲಿ ಬಿಟ್ಟೆ. ನಂಬರ್ ಮತ್ತು ರೆಜಿಮೆಂಟ್ ಮಾತ್ರ ಹಾಕಿದೆ. 8 ಹಾಕಿದಾಗ ಏನೂ ಇಲ್ಲ. 3 ಹಾಕಿದೆ, ಒಬ್ಬರೇ ಬಂದರು. 1916, ಬಸ್ರಾ. ಕೆಳಗೆ 'ಹೆಚ್ಚಿನ ಮಾಹಿತಿ' ಅನ್ನುವ ಕಡೆ ತಂದೆಯ ಹೆಸರು, ಊರು, ಜಿಲ್ಲೆ. ಆ ತಂದೆಯ ಹೆಸರು ನಮ್ಮ ಮನೆಯಲ್ಲಿ ಶ್ರಾದ್ಧದ ದಿನ ಮಾತ್ರ ಕೇಳಿ ಬರುವ ಹೆಸರು. ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

ಹೇಗೆ ಸತ್ತರು ಅನ್ನೋದು ದಾಖಲೆಯಲ್ಲಿಲ್ಲ. ಬಸ್ರಾ ಸ್ಮಾರಕದ ಕಲ್ಲಿನ ಮೇಲೂ ಹೆಸರಿಲ್ಲ. ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಸೈನಿಕರನ್ನು 'ಇನ್ನೂ ಇಷ್ಟು ಮಂದಿ' ಅಂತ ಬರೀ ಸಂಖ್ಯೆಯಲ್ಲಿ ಮುಗಿಸಿಬಿಟ್ಟಿದ್ದರು. ಹೀಗೆ ತಾರತಮ್ಯ ಆಗಿದೆ ಅಂತ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ಜಾಸ್ತಿಯೇ ಆಯಿತು, ಅಲ್ವಾ? ಈಗ ಹೆಸರಿನ ಸಮೇತ ಪ್ರಮಾಣಪತ್ರವನ್ನು ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ದೊಡ್ಡಮ್ಮ ಅದನ್ನು ಪದಕದ ಜೊತೆಗೇ ಮಡಚಿಟ್ಟಿದ್ದಾರೆ.

ಒಂದು ಮಾತು ನೆನಪಿರಲಿ. ಮೊದಲನೇ ಯುದ್ಧದ ಮಟ್ಟಿಗೆ, 1914ರ ಆಗಸ್ಟ್‌ನಿಂದ 1921ರ ಆಗಸ್ಟ್ ಒಳಗೆ ಸತ್ತವರು ಮಾತ್ರ ಇಲ್ಲಿ ಸಿಗುತ್ತಾರೆ. ಮುತ್ತಜ್ಜನ ತಮ್ಮನೂ ಸೇನೆಯಲ್ಲಿದ್ದರು. ಅವರು ಬದುಕಿ ಬಂದರು. ಅವರ ಬಗ್ಗೆ ಒಂದು ಸಾಲೂ ಇಲ್ಲ.