ಮಾಡಿಗೆ ಪೂರ್ಣ ಅಂಕ, ಗೋಡೆಗೆ ಇಲ್ಲ: ಹಳೆಯ ಹಂಚಿನ ಮನೆಯ ದುರಸ್ತಿ ಸೇವೆಯ ಬಗ್ಗೆ

ಮಂಗಳೂರಿನ ಹೊರವಲಯದಲ್ಲಿ 8 ಸೆಂಟ್ಸ್ ಜಾಗದಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಹಂಚಿನ ಮನೆಯೊಂದನ್ನು ನಾವು ಕೊಂಡಾಗ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಬಹುಕಾಲ ಕಟ್ಟುವುದು ಸಾಧ್ಯವಿರಲಿಲ್ಲವಾದ್ದರಿಂದ, ಜನವರಿಯಲ್ಲಿ ಕೆಲಸ ಹಿಡಿದು ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸಿದ ಪತ್ತನಾಜೆಗೆ ಮೊದಲು, ಅಂದರೆ ಮೇ ಮೂರನೆಯ ವಾರದೊಳಗೆ, ಒಕ್ಕಲಾಗಬೇಕೆಂದು ಲೆಕ್ಕ ಹಾಕಿದ್ದೆವು. ಹಳೆಯ ಮನೆಗಳ ದುರಸ್ತಿಯನ್ನೇ ಕಸುಬಾಗಿಸಿಕೊಂಡ ತಂಡವೊಂದಕ್ಕೆ 11.5 ಲಕ್ಷ ರೂಪಾಯಿಗೆ ಕೆಲಸ ಒಪ್ಪಿಸಿದೆವು. ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ಏನನ್ನೂ ಬರೆಯಬಾರದೆಂದು ಸುಮ್ಮನಿದ್ದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಾಡಿನ, ಅಂದರೆ ಛಾವಣಿಯ, ಗುಣವನ್ನು ಬೇಸಿಗೆಯಲ್ಲಿ ಹೊಗಳುವುದರಲ್ಲಿ ಅರ್ಥವಿಲ್ಲ.

ಮಾಡಿನ ಕೆಲಸದಲ್ಲಿ ಈ ತಂಡಕ್ಕೆ ಎರಡು ಮಾತಿಲ್ಲ. ಸುಮಾರು 1,900 ಹಂಚುಗಳನ್ನು ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ, ಠಣ್ಣೆಂದದ್ದನ್ನು ಒಂದು ಕಡೆಗೂ ಮಂಕಾಗಿ ಸದ್ದು ಮಾಡಿದ್ದನ್ನು ಇನ್ನೊಂದು ಕಡೆಗೂ ಇಟ್ಟರು. ಹಾಗೆ ಬದಿಗೆ ಸರಿದದ್ದು 340. ಅಷ್ಟು ಹಂಚು ಹೊಸದಾಗಿ ತಂದರಾಯಿತು ಎಂದು ನಾನು ಹೇಳಿದಾಗ ಹಿರಿಯ ಆಚಾರಿಯವರು ಒಪ್ಪಲಿಲ್ಲ. ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಆ ಸಂದಿಯಲ್ಲೇ ಗಾಳಿಮಳೆಯ ನೀರು ಒಳಗೆ ನುಗ್ಗುತ್ತದೆ ಎಂದು ವಿವರಿಸಿ, ಹಂಚುಗಳನ್ನು ಅವುಗಳ ಬೆನ್ನಿನ ಮುದ್ರೆ ನೋಡಿ ವಿಂಗಡಿಸಿದರು. ಮನೆ ಕೆಡವಿದವರಿಂದ ಅದೇ ಮುದ್ರೆಯ ಹಳೆಯ ಹಂಚನ್ನು ಹುಡುಕಿ ತಂದು, ಮಾಡಿನ ಒಂದೊಂದು ಇಳಿಜಾರಿಗೆ ಒಂದೊಂದೇ ಮುದ್ರೆ ಬರುವಂತೆ ಹೊದಿಸಿದರು. ಅವುಗಳಲ್ಲಿ ಕೆಲವು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಳೆಯ ಕಾರ್ಖಾನೆಯವು. ಮೇಲೆ 1865 ಎಂದಿದ್ದುದನ್ನು ಕಂಡು ನಾವು ಹಿಗ್ಗಿದ್ದೇ ಬಂತು, ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳಲ್ಲಿ ಗೆದ್ದಲು ಹಿಡಿದವನ್ನೆಲ್ಲ ಬದಲಾಯಿಸಿದರು, ಆದರೆ ಗಟ್ಟಿಯಾಗಿದ್ದ ಹಲಸಿನ ಪಕ್ಕಾಸುಗಳನ್ನು (ರೀಪುಗಳನ್ನು ಹೊರುವ ಇಳಿಜಾರು ತೊಲೆಗಳನ್ನು) ಸುಮ್ಮನೆ ಕಿತ್ತು ಬಿಲ್ಲು ಬೆಳೆಸಲಿಲ್ಲ. ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲೂ ನಾವು ಒಂದೇ ಒಂದು ಪಾತ್ರೆಯನ್ನು ನೆಲಕ್ಕೆ ಇಡಬೇಕಾಗಲಿಲ್ಲ.

ಗೋಡೆಯ ಕಥೆ ಬೇರೆ. ಕೆಂಪುಕಲ್ಲು ನೆಲದ ತೇವವನ್ನು ಹೀರಿ ಮೇಲಕ್ಕೆಳೆಯುತ್ತದೆ. ಮೇಲಿದ್ದ ಸುಣ್ಣದ ಗಾರೆ ಆ ತೇವವನ್ನು ಹೊರಗೆ ಆರಲು ಬಿಡುತ್ತಿತ್ತು. ತಂಡದ ಮೇಸ್ತ್ರಿಯವರು ಅದನ್ನು ಕೆತ್ತಿ ತೆಗೆದು ಸಿಮೆಂಟ್ ಗಾರೆ ಮೆತ್ತಿಸಿ, ಅದರ ಮೇಲೆ ನೀರು ತಡೆಯುವ ಬಣ್ಣವನ್ನೂ ಬಳಿಸಿದರು. ಒಳಗೆ ಸಿಕ್ಕಿಕೊಂಡ ತೇವಕ್ಕೆ ದಾರಿ ಸಿಗದೆ ಜುಲೈ ಹೊತ್ತಿಗೆ ಮಕ್ಕಳು ಮಲಗುವ ಕೋಣೆಯಲ್ಲಿ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಕಾಣಿಸಿಕೊಂಡು, ಮೂಲೆಗಳಲ್ಲಿ ಬೂಷ್ಟು ಹಿಡಿಯಿತು. ದೂರು ಹೇಳಿದಾಗ ಬಂದ ಉತ್ತರ, ಇನ್ನೊಂದು ಕೋಟ್ ಬಳಿಯೋಣ ಎಂಬುದು. ಕೊನೆಗೆ ನಾನೇ ಸುಣ್ಣದ ಕೆಲಸ ಬಲ್ಲ ಬೇರೊಬ್ಬರನ್ನು ಕರೆಸಬೇಕಾಯಿತು. ಸುಣ್ಣದ ಗಾರೆ ಗಾಳಿಯಲ್ಲಿ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಮುಟ್ಟುವಂತಿಲ್ಲ ಎಂದು ಅವರು ಹೇಳಿದ್ದರಿಂದ, ಡಿಸೆಂಬರಿನವರೆಗೆ ನಾವು ನಾಲ್ವರೂ ಚಾವಡಿಯಲ್ಲೇ ಹಾಸಿಗೆ ಹಾಸಿಕೊಂಡೆವು.

ಗೋಡೆಗಿಂತ ಹೆಚ್ಚು ಸಿಟ್ಟು ತರಿಸಿದ್ದು ಹಳೆಯ ಬಾಗಿಲು ಕಿಟಕಿಗಳ ಬಣ್ಣ ತೆಗೆದ ರೀತಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ದಶಕಗಳ ಹಿಂದೆ ಬಳಿದ ಬಣ್ಣವನ್ನು ಒಣ ಉಪ್ಪುಕಾಗದ ಹಿಡಿದು ಒಳಗೇ ಉಜ್ಜಿದರೆ ಏಳುವ ಧೂಳು, ತೆವಳುತ್ತಾ ಸಿಕ್ಕಿದ್ದೆಲ್ಲವನ್ನೂ ಬಾಯಿಗಿಡುವ ಮಗುವಿಗೆ ಎಷ್ಟು ಅಪಾಯವೆಂದು ಹೇಳಬೇಕಾಗಿಲ್ಲ. ಒದ್ದೆ ಮಾಡಿ ಕೆರೆಯಿರಿ, ಇಲ್ಲವೇ ಬಾಗಿಲನ್ನು ಕಳಚಿ ಅಂಗಳಕ್ಕೆ ಒಯ್ಯಿರಿ ಎಂದು ಎರಡು ಸಲ ಹೇಳಿದ ಮೇಲೆಯೇ ಕೇಳಿದರು. ಮಕ್ಕಳನ್ನು ಆ ವಾರ ಅಜ್ಜಿಯ ಮನೆಗೆ ಕಳಿಸಿ, ಅವರು ಮರಳುವ ಮೊದಲು ನೆಲವನ್ನು ನಾವೇ ನಾಲ್ಕು ಸಲ ಒದ್ದೆಬಟ್ಟೆಯಲ್ಲಿ ಒರೆಸಿದೆವು.

ವಯರಿಂಗ್ ತೃಪ್ತಿಕರವಾಗಿದೆ. ಅರ್ತಿಂಗ್ ಹೊಸದು, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಕೇಳದೆಯೇ ಹಾಕಿದರು, ಪ್ಲಗ್ಗುಗಳನ್ನು ಮಗುವಿನ ಕೈಗೆ ಎಟುಕದಷ್ಟು ಮೇಲಿಟ್ಟರು. ಒಟ್ಟು ಬಿಲ್ಲು 12.4 ಲಕ್ಷಕ್ಕೆ ಮುಟ್ಟಿತು. ಹೆಚ್ಚಾದದ್ದರಲ್ಲಿ ಬಹುಪಾಲು ರೀಪುಗಳದ್ದು, ಅದಕ್ಕೆ ಲೆಕ್ಕ ತೋರಿಸಿದ್ದಾರೆ. ಸುಣ್ಣದ ಗಾರೆಗೆ ನಾನು ಬೇರೆಯಾಗಿ ತೆತ್ತ 95,000 ಮಾತ್ರ ಈಗಲೂ ಕುಟುಕುತ್ತದೆ.

ಹಿತ್ತಿಲ ಕೊಟ್ಟಿಗೆಯ ಮಾಡನ್ನು ಈ ಬೇಸಿಗೆಯಲ್ಲಿ ಇದೇ ತಂಡಕ್ಕೆ ಕೊಟ್ಟಿದ್ದೇನೆ. ಈ ಬಾರಿ ಒಪ್ಪಂದದಲ್ಲಿ ಮರ ಮತ್ತು ಹಂಚಿನ ಕೆಲಸವನ್ನಷ್ಟೇ ಬರೆಸಿ, ಗೋಡೆಗೆ ಕೈ ಹಚ್ಚಬಾರದೆಂದು ಪ್ರತ್ಯೇಕ ಸಾಲು ಸೇರಿಸಿದ್ದೇನೆ. ಅವರು ನಗುತ್ತಲೇ ಸಹಿ ಹಾಕಿದರು.