ಎಳೆಯ ರಾಣಿ: ಒಂದು ಸಿನಿಮಾ, ಎರಡು ಸರಣಿ

ಕಬ್ಬನ್ ಪಾರ್ಕಿಗೆ ಹೋಗುವವರಿಗೆಲ್ಲ ವಿಕ್ಟೋರಿಯಾ ರಾಣಿ ಗೊತ್ತು. 1906ರಿಂದ ಅಲ್ಲೇ ನಿಂತಿದ್ದಾಳೆ. ಬಿಳಿ ಅಮೃತಶಿಲೆ, ವಯಸ್ಸಾದ ಮುಖ, ಭಾರದ ಉಡುಪು. ಕೆ.ಆರ್. ಮಾರ್ಕೆಟ್ ಹತ್ತಿರದ ದೊಡ್ಡ ಆಸ್ಪತ್ರೆಗೂ ಅವಳದೇ ಹೆಸರು. ಆದರೆ ಅವಳು ಪಟ್ಟಕ್ಕೆ ಬಂದಾಗ ಈಗಿನ ಪಿಯುಸಿ ಮುಗಿಸಿದ ಹುಡುಗಿಯ ವಯಸ್ಸು. 1837ರ ಜೂನ್ 20ರ ಬೆಳಗಿನ ಜಾವ ಅವಳನ್ನು ನಿದ್ದೆಯಿಂದ ಎಬ್ಬಿಸಿ, ರಾಜ ತೀರಿಕೊಂಡರು, ಇನ್ನು ನೀವೇ ರಾಣಿ ಎಂದರು. ಹದಿನೆಂಟು ತುಂಬಿ ಆಗಿನ್ನೂ ಒಂದು ತಿಂಗಳಾಗಿರಲಿಲ್ಲ.

ಆ ಹುಡುಗಿಯನ್ನು ನೋಡಬೇಕು ಅಂತಲೇ ಬಸವನಗುಡಿಯ ನಮ್ಮ ಮನೆಯಲ್ಲಿ ಈ ಮಳೆಗಾಲ ಪೂರ್ತಿ ಕೂತೆವು. ಮೊದಲು 2009ರ ಸಿನಿಮಾ ‘ದಿ ಯಂಗ್ ವಿಕ್ಟೋರಿಯಾ’. ಆಮೇಲೆ 2016ರಲ್ಲಿ ಶುರುವಾದ ಟಿವಿ ಸರಣಿ ‘ವಿಕ್ಟೋರಿಯಾ’. ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ 2023ರಲ್ಲಿ ಬಂದ ‘ಕ್ವೀನ್ ಶಾರ್ಲಟ್’. ನೋಡಿದವರು ನಾನು, ನಮ್ಮತ್ತೆ, ಕಾನೂನು ಓದುತ್ತಿರುವ ಅಕ್ಕನ ಮಗಳು, ಪಕ್ಕದ ಮನೆಯ ನಿವೃತ್ತ ಇತಿಹಾಸ ಮೇಷ್ಟ್ರು. ನಮಗೆ ಸಿಕ್ಕಿದ ಯಾವುದರಲ್ಲೂ ಕನ್ನಡ ಸಬ್‌ಟೈಟಲ್ ಇರಲಿಲ್ಲ. ಹಾಗಾಗಿ ಅತ್ತೆಗೆ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕಿತ್ತು. ಹೀಗೆ ಬಾಯಿಬಿಟ್ಟು ಕಥೆ ಹೇಳುವಾಗ ಯಾವುದರಲ್ಲಿ ಗಟ್ಟಿ ಕಥೆ ಇದೆ, ಯಾವುದರಲ್ಲಿ ಬರೀ ಬಟ್ಟೆಬರೆ ಇದೆ ಅನ್ನೋದು ಬೇಗ ತಿಳಿಯುತ್ತದೆ.

ಇಂಥ ಕಥೆಗಳನ್ನು ನೋಡುವಾಗ ನನಗಿರುವುದು ಒಂದೇ ಪ್ರಶ್ನೆ. ಪ್ರೀತಿ ಬಂದ ಮೇಲೂ ರಾಣಿ ರಾಣಿಯಾಗಿಯೇ ಉಳಿಯುತ್ತಾಳಾ? ಮೂರನ್ನೂ ನಾನು ತೂಗಿದ್ದು ಅದರಲ್ಲೇ.

ಸಿನಿಮಾದ ಮೊದಲರ್ಧ ಅದ್ಭುತವಾಗಿದೆ. ಕೆನ್ಸಿಂಗ್ಟನ್ ಅರಮನೆಯಲ್ಲಿ ಆ ಹುಡುಗಿಯನ್ನು ಬೆಳೆಸಿದ ರೀತಿಯನ್ನು ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮೆಟ್ಟಿಲು ಇಳಿಯಬೇಕಾದರೆ ಯಾರಾದರೂ ಕೈ ಹಿಡಿದಿರಬೇಕು. ಮಲಗುವುದು ಅಮ್ಮನ ಕೋಣೆಯಲ್ಲೇ. ಒಬ್ಬಳೇ ಇರುವ ಹಾಗಿಲ್ಲ. ಇದು ಯಾವುದೂ ಕಟ್ಟುಕಥೆಯಲ್ಲ. ಅವಳ ತಾಯಿ ಮತ್ತು ತಾಯಿಯ ಆಪ್ತ ಸರ್ ಜಾನ್ ಕಾನ್ರಾಯ್ ಸೇರಿ ಮಾಡಿದ ಏರ್ಪಾಡು. ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ರಾಜ ಸತ್ತರೆ ಆಡಳಿತ ತಾಯಿಯ ಕೈಗೆ ಬರುತ್ತಿತ್ತು. ತಾಯಿಯ ಕೈಗೆ ಬಂದರೆ ಕಾನ್ರಾಯ್ ಕೈಗೆ ಬಂದ ಹಾಗೆ. ಜ್ವರದಲ್ಲಿ ಮಲಗಿದವಳಿಗೆ ಪೆನ್ನು ಕೊಟ್ಟು ಸಹಿ ಹಾಕು ಎಂದು ಅವನು ಒತ್ತಾಯಿಸುತ್ತಾನೆ. ಅವಳು ಒಪ್ಪುವುದಿಲ್ಲ. ಅತ್ತೆ ಆ ದೃಶ್ಯದಲ್ಲಿ ಎದ್ದು ಕೂತರು. ಆಸ್ತಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದವರನ್ನು ಅವರೂ ನೋಡಿದ್ದಾರೆ.

ಮುದಿ ರಾಜ ನಾಲ್ಕನೇ ವಿಲಿಯಂ ತನ್ನ ಹುಟ್ಟುಹಬ್ಬದ ಊಟದಲ್ಲಿ, ತುಂಬಿದ ಸಭೆಯಲ್ಲೇ ಹುಡುಗಿಯ ತಾಯಿಯನ್ನು ಬೈಯುವ ದೃಶ್ಯವೂ ಬಹಳ ಚೆನ್ನಾಗಿದೆ. ಜಿಮ್ ಬ್ರಾಡ್‌ಬೆಂಟ್ ಇರೋದು ಸ್ವಲ್ಪ ಹೊತ್ತು, ಆದರೆ ಮರೆಯೋಕಾಗಲ್ಲ. ಇದೂ ನಡೆದದ್ದೇ, 1836ರ ಆಗಸ್ಟ್‌ನಲ್ಲಿ. ಇನ್ನೂ ಒಂಬತ್ತು ತಿಂಗಳು ನನ್ನ ಜೀವ ಉಳಿಯಲಿ, ಆಗ ಆಡಳಿತ ನಿನ್ನ ಕೈಗೆ ಸಿಗೋದಿಲ್ಲ ಅನ್ನೋದು ಆ ಮಾತಿನ ಸಾರ. ಮೇಷ್ಟ್ರು ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದರು. ರಾಜ ಹೇಳಿದಷ್ಟು ಬದುಕಿದ, ಮೇಲೆ ಇನ್ನೊಂದು ತಿಂಗಳೂ ಇದ್ದ.

ಪ್ರೀತಿಯ ಭಾಗವೂ ಹಿತವಾಗಿದೆ. ಎಮಿಲಿ ಬ್ಲಂಟ್ ಮತ್ತು ರೂಪರ್ಟ್ ಫ್ರೆಂಡ್ ಅವಸರ ಪಡುವುದಿಲ್ಲ. ವಿಕ್ಟೋರಿಯಾಗೆ ಏನಿಷ್ಟ, ಏನಿಷ್ಟವಿಲ್ಲ ಎಂದು ಮುಂದೆ ಅವಳ ಗಂಡನಾಗುವ ಆಲ್ಬರ್ಟ್‌ಗೆ ಬಾಯಿಪಾಠ ಮಾಡಿಸಿ ಕಳಿಸಿರುತ್ತಾರೆ. ಅವನು ಆ ಪಾಠ ಬಿಟ್ಟು ತನಗೆ ಶೂಬರ್ಟ್ ಸಂಗೀತ ಇಷ್ಟ ಎಂದು ನಿಜ ಹೇಳುತ್ತಾನೆ. ಅಲ್ಲಿಂದ ಅವರ ಸ್ನೇಹ ಶುರು. ಚದುರಂಗ ಆಡುತ್ತಾ, ನಿನಗೋಸ್ಕರ ಆಡುವ ಗಂಡ ಬೇಡ, ನಿನ್ನ ಜೊತೆ ಆಡುವವನನ್ನು ಹುಡುಕು ಎನ್ನುತ್ತಾನೆ. ಅಕ್ಕನ ಮಗಳು ಈ ಮಾತಿಗೆ ಸಿನಿಮಾ ನಿಲ್ಲಿಸಿ ಮತ್ತೆ ಹಾಕಿಸಿದಳು. ನನಗಂತೂ ಮದುವೆ ಪ್ರಸ್ತಾಪದ ದೃಶ್ಯ ಎಲ್ಲಕ್ಕಿಂತ ಇಷ್ಟ. ಆಳುವ ರಾಣಿಗೆ ಬೇರೆ ಯಾರೂ ಪ್ರಸ್ತಾಪ ಮಾಡುವ ಹಾಗಿಲ್ಲ, ಅವಳೇ ಕೇಳಬೇಕು. 1839ರ ಅಕ್ಟೋಬರ್ 15ರಂದು ಅವಳು ಕೇಳಿದ್ದನ್ನು ಅವಳೇ ಡೈರಿಯಲ್ಲಿ ಬರೆದಿಟ್ಟಿದ್ದಾಳೆ. ಸಿನಿಮಾದ ಮಾತು ಆ ಬರಹಕ್ಕೆ ತೀರಾ ಹತ್ತಿರ ಇದೆ. ಸಿಂಗಾರ ಮಾಡಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿದೆ.

ಆದರೆ ಕೊನೆಯ ಭಾಗದಲ್ಲಿ ನನಗೆ ಸಿಟ್ಟು ಬಂತು. 1840ರ ಜೂನ್ 10ರಂದು ಎಡ್ವರ್ಡ್ ಆಕ್ಸ್‌ಫರ್ಡ್ ಎಂಬ ಹುಡುಗ ರಾಣಿಯ ಗಾಡಿಯ ಮೇಲೆ ಎರಡು ಪಿಸ್ತೂಲು ಹಾರಿಸಿದ್ದು ನಿಜ. ಆದರೆ ಯಾರಿಗೂ ಪೆಟ್ಟಾಗಲಿಲ್ಲ. ಸಿನಿಮಾದಲ್ಲಿ ಆಲ್ಬರ್ಟ್ ಅಡ್ಡ ಬಂದು ಗುಂಡೇಟು ತಿನ್ನುತ್ತಾನೆ. ತಾರೀಖು ತಪ್ಪಿದ್ದರೆ ಬಿಡಬಹುದಿತ್ತು. ಅದಕ್ಕೆ ಸ್ವಲ್ಪ ಮೊದಲು ಗಂಡ ಹೆಂಡತಿಗೆ ದೊಡ್ಡ ಜಗಳ ಆಗಿರುತ್ತದೆ. ರಾಜ್ಯದ ವಿಷಯದಲ್ಲಿ ಗಂಡ ಕೈ ಹಾಕಿದ ಎಂದು ಅವಳು ಕೆರಳಿರುತ್ತಾಳೆ. ಅವಳ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೆ ಅವನು ಉತ್ತರ ಕೊಡಬೇಕಿತ್ತು. ಉತ್ತರದ ಜಾಗದಲ್ಲಿ ಗುಂಡೇಟು ಬರುತ್ತದೆ. ಆಮೇಲೆ ಅವಳು ಕರಗುತ್ತಾಳೆ, ತನ್ನ ಮೇಜಿನ ಪಕ್ಕ ಅವನಿಗೂ ಮೇಜು ಹಾಕಿಸುತ್ತಾಳೆ. ನಿಜದಲ್ಲಿ ಆಗ ಅವಳು ಮೊದಲ ಮಗುವಿನ ಬಸುರಿ. ಆಲ್ಬರ್ಟ್ ಕೆಲಸದಲ್ಲಿ ನಿಧಾನವಾಗಿ ಜಾಗ ಮಾಡಿಕೊಂಡ. ದುಡಿದು ಗಳಿಸಿದ್ದನ್ನು ರಕ್ತ ಸುರಿಸಿ ಗಳಿಸಿದ ಹಾಗೆ ತೋರಿಸಿದರೆ ಇಬ್ಬರಿಗೂ ಅನ್ಯಾಯ ಅಲ್ವಾ? ಅತ್ತೆ ಮಾತ್ರ ಇದನ್ನು ಒಪ್ಪಲಿಲ್ಲ. ಗಂಡ ಅಡ್ಡ ನಿಂತದ್ದೇ ಅವರಿಗೆ ಕಥೆಯ ಶಿಖರ.

ಸಿನಿಮಾ ಇರೋದು ನೂರೈದು ನಿಮಿಷ. ರಾಜಕೀಯಕ್ಕೆ ಅದು ಸಾಲದು. ಸ್ಯಾಂಡಿ ಪೊವೆಲ್‌ಗೆ ಆಸ್ಕರ್ ತಂದುಕೊಟ್ಟ ಆ ಉಡುಪುಗಳನ್ನು ನೋಡುತ್ತಾ ಕೂತರೆ, ಪ್ರಧಾನಿ ಯಾಕೆ ಬದಲಾದ, ಮತ್ತೆ ಯಾಕೆ ಬಂದ ಅನ್ನೋದು ತಪ್ಪಿಹೋಗುತ್ತದೆ.

ಅಲ್ಲಿ ‘ವಿಕ್ಟೋರಿಯಾ’ ಸರಣಿ ಗೆಲ್ಲುತ್ತದೆ. 1839ರ ಮೇ ತಿಂಗಳ ಗಲಾಟೆಯನ್ನೇ ತಗೊಳ್ಳಿ. ಪ್ರಧಾನಿ ಲಾರ್ಡ್ ಮೆಲ್ಬೋರ್ನ್ ರಾಜೀನಾಮೆ ಕೊಟ್ಟ. ಎದುರು ಪಕ್ಷದ ರಾಬರ್ಟ್ ಪೀಲ್ ಬಂದು, ನಿಮ್ಮ ಸುತ್ತ ಇರುವ ಹೆಂಗಸರಲ್ಲಿ ಕೆಲವರನ್ನು ಬದಲಾಯಿಸಿ ಎಂದ. ಅವರೆಲ್ಲ ಮೆಲ್ಬೋರ್ನ್ ಪಕ್ಷದವರ ಹೆಂಡತಿಯರು, ಬಂಧುಗಳು. ರಾಣಿ ಆಗಲ್ಲ ಎಂದಳು. ಪೀಲ್ ಸರ್ಕಾರ ರಚಿಸಲೇ ಇಲ್ಲ. ಇಪ್ಪತ್ತು ವರ್ಷ ತುಂಬದ ಹುಡುಗಿಯ ಹಠಕ್ಕೆ ಒಂದು ಸರ್ಕಾರ ನಿಂತುಹೋಯಿತು. ಸರಣಿ ಇದಕ್ಕೆ ಸಮಯ ಕೊಡುತ್ತದೆ. ಅವಳ ಹಠ ತಪ್ಪು ಅನ್ನೋದನ್ನೂ ತೋರಿಸುತ್ತದೆ, ಆ ಹಠದ ಹಿಂದಿನ ಒಂಟಿತನವನ್ನೂ ತೋರಿಸುತ್ತದೆ. ಲೇಡಿ ಫ್ಲೋರಾ ಹೇಸ್ಟಿಂಗ್ಸ್ ಪ್ರಕರಣವನ್ನೂ ಮುಚ್ಚಿಡುವುದಿಲ್ಲ. ಹೊಟ್ಟೆಯ ಕಾಯಿಲೆಯಿಂದ ನರಳುತ್ತಿದ್ದ ಹೆಂಗಸನ್ನು ಮದುವೆಗೆ ಮುಂಚೆ ಬಸುರಿ ಎಂದು ಆಡಿಕೊಂಡರು. ರಾಣಿಯೂ ಅದನ್ನು ನಂಬಿದಳು. ಫ್ಲೋರಾ 1839ರಲ್ಲಿ ಸತ್ತಳು. ನಾಯಕಿಯ ಇಂಥ ಕ್ರೂರ ತಪ್ಪನ್ನು ಶುರುವಿನಲ್ಲೇ ತೋರಿಸೋಕೆ ಧೈರ್ಯ ಬೇಕು.

ಸರಣಿಯ ನಾಯಕಿ ಜೆನ್ನಾ ಕೋಲ್‌ಮನ್ ನೋಡೋಕೂ ಆ ರಾಣಿಗೆ ಹತ್ತಿರ. ವಿಕ್ಟೋರಿಯಾ ಐದು ಅಡಿ ಮುಟ್ಟಿದ್ದರೆ ಹೆಚ್ಚು. ಎತ್ತರದ ಗಂಡಸರ ನಡುವೆ ಆ ಪುಟ್ಟ ಹುಡುಗಿ ಗದ್ದ ಎತ್ತಿ ಮಾತಾಡುವುದನ್ನು ನೋಡಬೇಕು. ಎಮಿಲಿ ಬ್ಲಂಟ್ ನಟನೆಯಲ್ಲಿ ಕಡಿಮೆಯಿಲ್ಲ, ಆದರೆ ಅವರ ನಿಲುವೇ ರಾಣಿಯದು, ಕಷ್ಟಪಟ್ಟು ರಾಣಿಯಾಗಬೇಕಿಲ್ಲ. ಇನ್ನು ಗೊಂಬೆಗಳು. ವಿಕ್ಟೋರಿಯಾ ತನ್ನ ಗವರ್ನೆಸ್ ಲೇಜೆನ್ ಜೊತೆ ಸೇರಿ ನೂರಕ್ಕೂ ಜಾಸ್ತಿ ಮರದ ಗೊಂಬೆಗಳಿಗೆ ಬಟ್ಟೆ ಹೊಲಿದಿದ್ದಳು. ಸರಣಿಯಲ್ಲಿ ಅವು ಬಂದಾಗ ಅತ್ತೆ ಪೂರ್ತಿ ನಮ್ಮ ಕಡೆಗೆ ಬಂದರು. ದಸರೆಗೆ ಪಟ್ಟದ ಗೊಂಬೆಗೆ ವರ್ಷವರ್ಷವೂ ಹೊಸ ಬಟ್ಟೆ ಹೊಲಿಯುವವರು ಅವರು.

ಸರಣಿಯ ದೊಡ್ಡ ಜಗಳ ಮೆಲ್ಬೋರ್ನ್ ವಿಷಯದಲ್ಲಿ. ರೂಫಸ್ ಸ್ಯೂವೆಲ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದರೆ, ನೋಡಿದ ಎಷ್ಟೋ ಜನಕ್ಕೆ ಆಲ್ಬರ್ಟ್ ಬರೋದೇ ಬೇಡ ಅನ್ನಿಸುತ್ತದೆ. ಅಕ್ಕನ ಮಗಳದೂ ಅದೇ ಪಕ್ಷ. ರಾಣಿ ತನ್ನ ಮನಸ್ಸನ್ನು ಅವನ ಮುಂದೆ ಹೇಳಿಕೊಳ್ಳುವ ಕಂತು ಮುಗಿದ ಮೇಲೆ ಅವಳು ಊಟಕ್ಕೂ ಏಳಲಿಲ್ಲ. ಮೇಷ್ಟ್ರು ಮಾತ್ರ ಬೇಸರಪಟ್ಟರು. 1837ರಲ್ಲಿ ಮೆಲ್ಬೋರ್ನ್‌ಗೆ ಐವತ್ತೆಂಟು ವರ್ಷ. ಒಬ್ಬನೇ ಮಗ ಅದರ ಹಿಂದಿನ ವರ್ಷ ತೀರಿಕೊಂಡಿದ್ದ. ಎಂಟು ತಿಂಗಳ ಕೂಸಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡ ಹುಡುಗಿ, ಮಗನನ್ನು ಕಳೆದುಕೊಂಡ ಹಿರಿಯ. ಇದು ತಾನಾಗೇ ಎಷ್ಟು ದೊಡ್ಡ ಸಂಬಂಧ, ಅದನ್ನು ಪ್ರೇಮ ಮಾಡುವ ಅಗತ್ಯ ಏನಿತ್ತು ಎಂದು ಅವರು ಕೇಳಿದರು. ನಾನು ಮೇಷ್ಟ್ರ ಕಡೆ. ಸಿನಿಮಾವೂ ಇದರಲ್ಲಿ ಸಾಚಾ ಅಲ್ಲ. ಅಲ್ಲಿ ಆ ಪಾತ್ರಕ್ಕೆ ನಲವತ್ತೂ ದಾಟದ ಪಾಲ್ ಬೆಟನಿಯನ್ನು ಹಾಕಿದ್ದಾರೆ.

ಕೆಳಮನೆಯ ಆಳುಕಾಳುಗಳ ಕಥೆ ಸರಣಿಯಲ್ಲಿ ಸುಮ್ನೆ ಎಳೆಯುತ್ತದೆ. ನಾವು ಕೆಲವು ಕಡೆ ಓಡಿಸಿದೆವು.

ಇನ್ನು ಶಾರ್ಲಟ್. ಇವಳು ವಿಕ್ಟೋರಿಯಾಳ ಅಜ್ಜಿ, ಅಪ್ಪನ ತಾಯಿ. 1761ರ ಸೆಪ್ಟೆಂಬರ್ 8ರಂದು, ಹದಿನೇಳು ವರ್ಷದ ಹುಡುಗಿ ಜರ್ಮನಿಯಿಂದ ಲಂಡನ್‌ಗೆ ಬಂದಿಳಿದ ದಿನವೇ ಮೂರನೇ ಜಾರ್ಜ್ ಜೊತೆ ಮದುವೆ ಆಯಿತು. ಆ ಮುಂಚೆ ಅವನ ಮುಖ ಕಂಡವಳಲ್ಲ. ಇದು ನಮ್ಮ ಅಜ್ಜಿಯರ ಕಾಲದ ಕಥೆಯೇ ಎಂದು ಅತ್ತೆ ಇದಕ್ಕೆ ತಕ್ಷಣ ಒಲಿದರು. ಇದು ಇತಿಹಾಸದ ಪಾಠ ಅಲ್ಲ ಎಂದು ಸರಣಿ ಶುರುವಿನಲ್ಲೇ ಹೇಳಿಬಿಡುತ್ತದೆ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ರಾಜನ ಮಾನಸಿಕ ಕಾಯಿಲೆ ಜೋರಾಗಿದ್ದು 1788ರಲ್ಲಿ, ಮದುವೆಯಾಗಿ ಇಪ್ಪತ್ತೇಳು ವರ್ಷದ ಮೇಲೆ. ಸರಣಿ ಅದನ್ನು ಮದುವೆಯ ಮೊದಲ ದಿನಗಳಿಗೇ ತಂದಿದೆ. ಆದರೂ ಗುಂಡೇಟಿಗೆ ಬಂದ ಹಾಗೆ ನನಗೆ ಇಲ್ಲಿ ಸಿಟ್ಟು ಬರಲಿಲ್ಲ. ಯಾಕೆಂದರೆ ಈ ಬದಲಾವಣೆಯಿಂದ ರಾಣಿ ಚಿಕ್ಕವಳಾಗುವುದಿಲ್ಲ. ಗಂಡ ಯಾಕೆ ದೂರ ಇದ್ದಾನೆ ಎಂದು ತಿಳಿದ ಕ್ಷಣ, ಏನು ಮಾಡಬೇಕು ಅನ್ನೋದನ್ನು ಅವಳೇ ತೀರ್ಮಾನಿಸುತ್ತಾಳೆ. ಅರಮನೆಯವರನ್ನೂ ವೈದ್ಯನನ್ನೂ ಎದುರು ಹಾಕಿಕೊಳ್ಳುತ್ತಾಳೆ. ಪ್ರೀತಿಯೇ ಅವಳನ್ನು ರಾಣಿ ಮಾಡುತ್ತದೆ. ಇಂಡಿಯಾ ಅಮಾರ್ಟೈಫಿಯೋ ಅವರ ನಟನೆ ಮೂರೂ ನಾಯಕಿಯರಲ್ಲಿ ನನಗೆ ಹೆಚ್ಚು ಮನಸ್ಸು ತಟ್ಟಿತು. ಆರೇ ಕಂತು, ಎಲ್ಲೂ ಬೋರ್ ಆಗಲ್ಲ. ಕೆಲವು ದೃಶ್ಯಗಳನ್ನು ಹಿರಿಯರ ಜೊತೆ ಕೂತು ನೋಡೋದು ಕಷ್ಟ, ಅದನ್ನು ಮೊದಲೇ ತಿಳಿದುಕೊಂಡಿರಿ.

ಹಾಗಾದರೆ ಯಾವುದು? ಒಂದೇ ಸಂಜೆ ಇದೆ, ಒಳ್ಳೆಯ ಪ್ರೇಮಕಥೆ ಬೇಕು ಎಂದರೆ ಸಿನಿಮಾ ನೋಡಿ, ಗುಂಡೇಟನ್ನು ನಂಬಬೇಡಿ. ಆಳುವ ಹೆಣ್ಣನ್ನು ಅವಳ ಹಠ, ತಪ್ಪು, ಸಿಟ್ಟು ಸಮೇತ ನೋಡಬೇಕು ಎಂದರೆ ‘ವಿಕ್ಟೋರಿಯಾ’ ಸರಣಿಯ ಮೊದಲ ಸೀಸನ್ನೇ ಸರಿ. ನನ್ನ ಓಟು ಅದಕ್ಕೇ. ಮೂರನ್ನೂ ನೋಡುವವರು ಶಾರ್ಲಟ್‌ನಿಂದ ಶುರು ಮಾಡಿ. ಮೊಮ್ಮಗಳೊಬ್ಬಳು 1817ರಲ್ಲಿ ಹೆರಿಗೆಯಲ್ಲಿ ಸತ್ತು, ಸಿಂಹಾಸನಕ್ಕೆ ವಾರಸುದಾರರು ಬೇಕಾಗಿ ಅರಮನೆಯಲ್ಲಿ ಎದ್ದ ಗಾಬರಿ ಅದರಲ್ಲಿದೆ. ಆ ಗಾಬರಿಯಿಂದಲೇ ವಿಕ್ಟೋರಿಯಾ ಹುಟ್ಟಿದ್ದು, 1819ರಲ್ಲಿ.

‘ವಿಕ್ಟೋರಿಯಾ’ ಸರಣಿಯ ಮೇಲೆ ನನಗೊಂದು ಕೊರಗಿದೆ. ಅದು ಮೂರನೇ ಸೀಸನ್‌ನಲ್ಲಿ 1851ಕ್ಕೆ ಬಂದು ನಿಂತುಬಿಡುತ್ತದೆ. ಮುಂದಿನ ವರ್ಷವೇ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ. ವಿಕ್ಟೋರಿಯಾ ಆ ಹುಡುಗಿಗೆ ಧರ್ಮಮಾತೆಯಾಗಿ ನಿಂತು ತನ್ನದೇ ಹೆಸರು ಕೊಟ್ಟಳು. ಅಪ್ಪನ ರಾಜ್ಯವನ್ನು ಕಂಪನಿಯವರು ಕಿತ್ತುಕೊಂಡಿದ್ದರು, ಮಗಳು ಅವರ ರಾಣಿಯ ಮಡಿಲಿಗೆ ಬಿದ್ದಳು. 1864ರಲ್ಲಿ, ಇನ್ನೂ ಎಳೆ ವಯಸ್ಸಿನಲ್ಲೇ ತೀರಿಕೊಂಡಳು. ಮೇಷ್ಟ್ರು ಇದನ್ನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿರುವುದು ಆ ನಾಲ್ಕನೇ ಸೀಸನ್. ಲಂಡನ್ನಿನವರು ಮಾಡದಿದ್ದರೆ ಕನ್ನಡದಲ್ಲೇ ಯಾರಾದರೂ ಮಾಡಲಿ, ಕಥೆ ಮಡಿಕೇರಿಯಿಂದ ಶುರುವಾಗಲಿ.