ಸೌತೆಂಡ್‌ನಿಂದ ಲಂಡನ್‌ಗೆ ಯಾವ ರೈಲು? ಎರಡನ್ನೂ ಓಡಾಡಿ ನೋಡಿದ್ದು

ಲಂಡನ್ ಬಾಡಿಗೆ ಕಟ್ಟೋಕಾಗ್ದೆ ಅದರ ಪೂರ್ವಕ್ಕಿರೋ ಕಡಲತೀರದ ಊರು ಸೌತೆಂಡ್‌ಗೆ ಬಂದ ನಮ್ಮೋರೆಲ್ಲ ಮೊದ್ಲು ಕೇಳೋದು ಇದನ್ನೇ. ಊರು ಒಂದೇ, ಮುಖ್ಯ ಸ್ಟೇಷನ್ ಎರಡು, ಮಧ್ಯ ಹತ್ತು ನಿಮಿಷದ ನಡಿಗೆ. ಸೌತೆಂಡ್ ಸೆಂಟ್ರಲ್‌ನಿಂದ ಸಿಟುಸಿ (c2c) ಅನ್ನೋ ರೈಲು ಹತ್ತಿದ್ರೆ ಲಂಡನ್ನಿನ ಫೆನ್‌ಚರ್ಚ್ ಸ್ಟ್ರೀಟ್ ಸ್ಟೇಷನ್, ಸೌತೆಂಡ್ ವಿಕ್ಟೋರಿಯಾದಿಂದ ಗ್ರೇಟರ್ ಆಂಗ್ಲಿಯಾ ರೈಲು ಹತ್ತಿದ್ರೆ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್, ಎರಡೂ ಹೆಚ್ಚುಕಮ್ಮಿ ಒಂದು ಗಂಟೆ. ನಾನು ಒಂದೊಂದ್ರಲ್ಲಿ ಮೂರ್ಮೂರು ತಿಂಗಳು ಓಡಾಡಿದೀನಿ.

ಈ ಜಿದ್ದು ಹೊಸದಲ್ಲ ಬಿಡಿ, ಸಿಟುಸಿ ಹೋಗೋ ಲೈನು ಸೌತೆಂಡ್ ಮುಟ್ಟಿದ್ದು 1856ರಲ್ಲಿ, ವಿಕ್ಟೋರಿಯಾ ಲೈನು 1889ರಲ್ಲಿ. ಆದ್ರೆ ಮಜಾ ಇರೋದು 1996ರ ಕಥೇಲಿ. ಖಾಸಗಿಯವರಿಗೆ ಕೊಡುವಾಗ ಮೊದಲ ಲೈನನ್ನ ಅಲ್ಲಿನ ಮ್ಯಾನೇಜರ್‌ಗಳೇ ವಹಿಸ್ಕೋಬೇಕಿತ್ತು, ಇನ್ನೇನು ಕೈಗೆ ಬರ್ಬೇಕು ಅನ್ನೋವಾಗ ಟಿಕೆಟ್ ದುಡ್ಡಿನ ಲೆಕ್ಕದಲ್ಲಿ ಗೋಲ್‌ಮಾಲ್ ಬಯಲಾಗಿ ಎಲ್ಲ ನಿಂತೋಯ್ತು, ಆಮೇಲೆ ಮೇ ತಿಂಗಳಲ್ಲಿ ಪ್ರಿಸಂ ರೈಲ್ ಅನ್ನೋ ಕಂಪನಿ ಪಾಲಾಯ್ತು. ಆಗ ಜನ ಅದನ್ನ ಕರೀತಿದ್ದಿದ್ದೇ 'ಮಿಸರಿ ಲೈನ್' ಅಂತ, ಅಂದ್ರೆ ಗೋಳಿನ ಲೈನು. 2000ದಲ್ಲಿ ನ್ಯಾಷನಲ್ ಎಕ್ಸ್‌ಪ್ರೆಸ್ ಕಂಪನಿ ಕೈಗೆ ಬಂತು, 2003ರ ಹೊತ್ತಿಗೆ ಕೈಯಿಂದ ಬಾಗಿಲು ಬಡಿಯೋ ಹಳೇ ಡಬ್ಬಿಗಳೆಲ್ಲ ಹೋಗಿ ಹೊಸ 357 ಕ್ಲಾಸ್ ರೈಲು ಬಂದ್ವು. 2017ರಲ್ಲಿ ಇಟಲಿಯ ಟ್ರೆನಿಟಾಲಿಯಾ ಕೊಂಡ್ಕೊಂಡ್ರೂ ಬೋರ್ಡ್ ಮೇಲೆ ಸಿಟುಸಿ ಅಂತ್ಲೇ ಉಳೀತು.

ವಿಕ್ಟೋರಿಯಾ ಕಡೆ ನೋಡಿ, ಹೆಸರು ಬದಲಾಗ್ತಾನೇ ಇತ್ತು: ಮೊದ್ಲು ಫಸ್ಟ್ ಗ್ರೇಟ್ ಈಸ್ಟರ್ನ್, 2004ರಲ್ಲಿ 'ವನ್' (ರೈಲಿಗೆ ಇಡೋ ಹೆಸರಾ ಇದು!), ಆಮೇಲೆ ನ್ಯಾಷನಲ್ ಎಕ್ಸ್‌ಪ್ರೆಸ್ ಈಸ್ಟ್ ಆಂಗ್ಲಿಯಾ, 2012ರಲ್ಲಿ ಅಬೆಲಿಯೊ ಗ್ರೇಟರ್ ಆಂಗ್ಲಿಯಾ, ಬೋರ್ಡ್ ಬರೆಯೋನಿಗೆ ಒಳ್ಳೇ ಸಂಪಾದನೆ.

ಇನ್ನು ಓಡಾಟ. ಆಫೀಸು ಪೂರ್ವ ಲಂಡನ್ನಿನ ಬ್ಯಾಂಕು-ಕಚೇರಿಗಳ ಜಾಗ ಕೆನರಿ ವಾರ್ಫ್ ಕಡೆ ಇದ್ರೆ ಕಣ್ಮುಚ್ಚಿ ಸಿಟುಸಿ, ಲೈಮ್‌ಹೌಸ್‌ನಲ್ಲಿ ಇಳಿದು ಡಿಎಲ್‌ಆರ್ (ಅಲ್ಲಿನ ಲಘು ರೈಲು) ಹಿಡೀರಿ. ಆದ್ರೆ ಫೆನ್‌ಚರ್ಚ್ ಸ್ಟ್ರೀಟ್‌ಗೆ ಟ್ಯೂಬ್ (ಲಂಡನ್ನಿನ ನೆಲದಡಿ ರೈಲು) ಇಲ್ಲ, ಟವರ್ ಹಿಲ್‌ ಸ್ಟೇಷನ್‌ವರೆಗೂ ನಡೀಬೇಕು, ಮಳೇಲಿ ಗೊತ್ತಾಗುತ್ತೆ. ಬೇರೆಲ್ಲಾದ್ರೂ ಕೆಲಸ ಇದ್ರೆ ಲಿವರ್‌ಪೂಲ್ ಸ್ಟ್ರೀಟೇ ವಾಸಿ, ದಾರೀಲಿ ರೈಲು ಬದಲಿಸೋಕೆ ಸ್ಟ್ರಾಟ್‌ಫರ್ಡ್ ಸ್ಟೇಷನ್ನೂ ಸಿಗುತ್ತೆ.

ನೋಟದ ವಿಷ್ಯಕ್ಕೆ ಬಂದ್ರೆ ಸಿಟುಸಿ ಮುಂದೆ ಇನ್ನೊಂದು ನಿಲ್ಲಲ್ಲ. ಬೆಳಿಗ್ಗೆ ಎಡಗಡೆ ಕಿಟಕಿ ಹಿಡೀರಿ, ಲೀ-ಆನ್-ಸೀ ಹತ್ರ ನೀರಿಳಿದಿದ್ರೆ ದೋಣಿಗಳೆಲ್ಲ ಕೆಸರಲ್ಲಿ ಮಗ್ಗುಲಾಗಿ ಮಲಗಿರ್ತವೆ, ಸಂಜೆ ಗದ್ದೆ ಬದುವಿನ ಮೇಲಿನ ಎಮ್ಮೆ ಥರ ಕಾಣುತ್ತೆ ನಂಗೆ.

ಆದ್ರೂ ನಾನೀಗ ವಿಕ್ಟೋರಿಯಾ ಕಡೆ ಹೋಗೋದು, ಕಾರಣ ನಿದ್ದೆ. ವಿಕ್ಟೋರಿಯಾ ಕೊನೇ ಸ್ಟೇಷನ್, ಗೊರಕೆ ಹೊಡೆದ್ರೂ ಊರಲ್ಲೇ ಏಳ್ತೀರಿ. ಸಿಟುಸಿ ಸೆಂಟ್ರಲ್ ದಾಟಿ ಶೂಬರಿನೆಸ್‌ವರೆಗೂ ಹೋಗುತ್ತೆ, ನಾನು ಎರಡು ಸಲ ಅಲ್ಲೇ ಎದ್ದಿದೀನಿ, ಎರಡನೇ ಸಲ ಮೊಸರನ್ನದ ಡಬ್ಬಿ ಬೇರೆ ರೈಲಲ್ಲೇ ಬಿಟ್ಟು. 2025ರಲ್ಲಿ ಜುಲೈಗೆ ಸಿಟುಸಿ, ಅಕ್ಟೋಬರ್‌ಗೆ ಗ್ರೇಟರ್ ಆಂಗ್ಲಿಯಾ ಎರಡೂ ಸರ್ಕಾರದ್ದಾದ್ವು, ಹಂಗಾಗಿ ಕಂಪನಿ ಜಗಳ ಮುಗೀತು, ಡಬ್ಬಿ ಮಾತ್ರ ಇನ್ನೂ ಸಿಕ್ಕಿಲ್ಲ.